ಹಾಡಿನ ಪೆಟ್ಟಿಗೆಯ ಚಟಪಟ

ಊರಿಗೆ ಹೊಸ ಯಂತ್ರವೊಂದು ಬಂದರೆ, ಅದು ಕೆಡುವುದಕ್ಕಿಂತ ಮೊದಲೇ ಅದನ್ನು ದುರಸ್ತಿ ಮಾಡಬಲ್ಲವರು ಸಿದ್ಧರಾಗಿ ನಿಂತಿರುತ್ತಾರೆ. ಗೋಡೆಯ ಗಡಿಯಾರವಿರಲಿ, ಹೊಲಿಗೆಯ ಯಂತ್ರವಿರಲಿ, ನನ್ನ ಅನುಭವ ಇದೇ. ಇಂಥ ಪ್ರಸಂಗಗಳು ನನ್ನನ್ನು ಹುಡುಕಿಕೊಂಡು ಬರುತ್ತಲೇ ಇರುತ್ತವೆ. ಆದರೆ ಐವತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಚಳಿಗಾಲದಲ್ಲಿ, ಜತ್ತ ತಾಲೂಕಿನಲ್ಲಿ, ಒಂದು ಟೇಪ್ ರೆಕಾರ್ಡರಿನ ದೆಸೆಯಿಂದ ಸಾಲುಸಾಲಾಗಿ ನಡೆದವುಗಳನ್ನು ನೆನೆದರೆ ಈಗಲೂ ಒಬ್ಬಳೇ ಕುಳಿತು ನಗುತ್ತೇನೆ. ಆಗ ನಗುವ ಸ್ಥಿತಿಯಲ್ಲಿ ಇರಲಿಲ್ಲ.

೧. ಹುರಿಯುವವರು ಯಾರು?

ಬಿ.ಎ. ಮುಗಿಸಿದ ಮೇಲೆ ನಾನು ವಿಜಾಪುರದಲ್ಲಿ ನಮ್ಮ ಪ್ರಾಧ್ಯಾಪಕರ ಕೈಕೆಳಗೆ ಹಳ್ಳಿಯ ಹಾಡುಗಳನ್ನು ಸಂಗ್ರಹಿಸುವ ಕೆಲಸಕ್ಕೆ ಸೇರಿದ್ದೆ. ನನ್ನ ತವರು ಜತ್ತ ತಾಲೂಕಿನ ಉಮದಿಯಾದ್ದರಿಂದ ಆ ಸೀಮೆಯ ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಬೆಳುಂಕಿಯಲ್ಲಿ ಕುರಿ ಕಾಯುವ ಮನೆತನದ ಒಬ್ಬ ಹಿರಿಯರಿದ್ದರು. ಊರೆಲ್ಲ ಅವರನ್ನು ಮುತ್ಯಾ ಎಂದೇ ಕರೆಯುತ್ತಿತ್ತು. ಬೀರಪ್ಪ ದೇವರ ಹುಟ್ಟಿನಿಂದ ಮದುವೆಯವರೆಗಿನ ಇಡೀ ಹಾಡು ಆ ಭಾಗದಲ್ಲಿ ಅವರೊಬ್ಬರಿಗೇ ಬರುತ್ತಿತ್ತು. ಅದನ್ನು ಕೈಯಲ್ಲಿ ಬರೆದುಕೊಳ್ಳಲು ನಾನು ಪ್ರಯತ್ನಿಸದೆ ಇರಲಿಲ್ಲ. ತೊಡಕು ಏನೆಂದರೆ, ಒಂದು ಸಾಲು ಬರೆದುಕೊಳ್ಳಲೆಂದು "ಸ್ವಲ್ಪ ತಡೀರಿ ಮುತ್ಯಾ" ಎಂದು ನಿಲ್ಲಿಸಿದರೆ ಅವರು ಸೌಜನ್ಯದಿಂದ ನಿಲ್ಲುತ್ತಿದ್ದರು. ಮುಂದುವರಿಸಿ ಎಂದರೆ ಮತ್ತೆ ಮೊದಲಿನಿಂದ ಶುರು ಮಾಡುತ್ತಿದ್ದರು. ಹೀಗಾಗಿ ನನ್ನ ಬಳಿ ದೇವರು ಹುಟ್ಟಿದ ಭಾಗದ ಅನೇಕ ಪ್ರತಿಗಳಿದ್ದವು. ತೊಟ್ಟಿಲಿನಿಂದ ಆತ ಇನ್ನೂ ಇಳಿದಿರಲಿಲ್ಲ.

ಅಷ್ಟರಲ್ಲಿ ದಾನಿಯೊಬ್ಬರು ಕಾಲೇಜಿಗೆ ಟೇಪ್ ರೆಕಾರ್ಡರು ಕೊಟ್ಟರು. ಟ್ರಂಕಿನಷ್ಟು ದೊಡ್ಡ ಪೆಟ್ಟಿಗೆ. ಮೇಲೆ ಎರಡು ಗಾಲಿ; ಒಂದರಿಂದ ಇನ್ನೊಂದಕ್ಕೆ ಕಂದು ಬಣ್ಣದ ತೆಳುವಾದ ಪಟ್ಟಿ ಹರಿದುಹೋಗುವಾಗ ದನಿ ಅದರಲ್ಲಿ ಅಚ್ಚಾಗುತ್ತಿತ್ತು. ಹಳ್ಳಿಯಲ್ಲಿ ವಿದ್ಯುತ್ ಇರಲಿಲ್ಲವಾದ್ದರಿಂದ ಮೋಟಾರಿನ ಬ್ಯಾಟರಿಯೊಂದನ್ನು, ಅದರ ಪ್ರವಾಹವನ್ನು ಯಂತ್ರಕ್ಕೆ ಒಗ್ಗಿಸುವ ಇನ್ನೊಂದು ಪೆಟ್ಟಿಗೆಯನ್ನು ಜೊತೆಗೆ ಒಯ್ಯಬೇಕಾಗಿತ್ತು. ಬಸ್ಸಿನಲ್ಲಿ, ಆಮೇಲೆ ಚಕ್ಕಡಿಯಲ್ಲಿ ಇದೆಲ್ಲವನ್ನೂ ಬೆಳುಂಕಿಗೆ ಸಾಗಿಸಿ, ಮುತ್ಯಾನ ಹಾಡನ್ನು ಮುದ್ರಿಸಿ, ವಿಜಯೋತ್ಸಾಹದಿಂದ ವಿಜಾಪುರಕ್ಕೆ ಮರಳಿದೆ.

ನಮ್ಮ ಪ್ರಾಧ್ಯಾಪಕರು, ಅಂದರೆ ಸರ್, ಕಣ್ಣು ಮುಚ್ಚಿ ಕೇಳಿದರು. ಮುತ್ಯಾನ ಕಂಚಿನ ದನಿಯ ನಡುನಡುವೆ ಚಟ್, ಪಟ್, ಚಟಚಟ ಎಂಬ ಸದ್ದು. ಸರ್ ಕಣ್ಣು ತೆರೆದರು.

"ಹಾಡವರು ಯಾರಂತ ತಿಳೀತವಾ. ಹಿಂದ ಕುಂತು ಶೇಂಗಾ ಹುರಿಯವರು ಯಾರು?"

ನಾನು ಉತ್ತರಿಸುವ ಮೊದಲೇ ತೀರ್ಪು ಬಂತು. "ಸಂಕ್ರಮಣದ ಮಟಾ ಯಂತ್ರ ನಿನ್ನ ಹತ್ರ ಇರಲಿ. ಅಷ್ಟರಾಗ ಸ್ವಚ್ಛ ಹಾಡು ತಂದ್ರ ಚಲೋ. ಇಲ್ಲಾಂದ್ರ ಇತಿಹಾಸ ವಿಭಾಗದವರು ಕೇಳಾಕತ್ತಾರ, ಅವರಿಗೆ ಕೊಟ್ಟುಬಿಡತೀನಿ."

"ಮತ್ತ ಮುತ್ಯಾನ ಹಾಡು, ಸರ್?"

"ಕೈಲೆ ಬರಕೋ."

ದೇವರು ಜನ್ಮವಿಡೀ ತೊಟ್ಟಿಲಲ್ಲೇ ಇರುವುದು ಖಚಿತವಾಯಿತು.

೨. ಕಾಕು ಕಂಡುಹಿಡಿದ ಉಪಾಯ

ಉಮದಿಯಲ್ಲಿ ನಾನು ಉಳಿದುಕೊಂಡದ್ದು ಚಿಕ್ಕಪ್ಪನ, ಅಂದರೆ ಕಾಕಾನ ಮನೆಯಲ್ಲಿ. ಯಂತ್ರವನ್ನು ಪಡಸಾಲೆಯಲ್ಲಿ ಇಟ್ಟು, ಕೆಟ್ಟ ಮುದ್ರಣವನ್ನು ಮತ್ತೆಮತ್ತೆ ಹಚ್ಚಿ ಕೇಳುತ್ತ ಕುಳಿತೆ. ಸದ್ದು ಎಲ್ಲಿಂದ ಬರಬಹುದೆಂದು ಒಂದೊಂದೇ ಅನುಮಾನವನ್ನು ಪರೀಕ್ಷಿಸಿ ತಳ್ಳಿಹಾಕಬೇಕೆಂಬುದು ನನ್ನ ಕ್ರಮ. ಆದರೆ ಪಡಸಾಲೆಗೆ ಬಂದವರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಪ್ರತಿಯೊಬ್ಬರಿಗೂ ಖಾತ್ರಿಯೇ ಇತ್ತು. ಕಾಳು ಕೊಳ್ಳಲು ಬಂದವರೊಬ್ಬರು ಬ್ಯಾಟರಿಯ ನೀರು ಉಪ್ಪಾಗಿದೆ ಎಂದರು. ಬಸ್ಸಿನ ಡ್ರೈವರು ಪೆಟ್ಟಿಗೆಯನ್ನು ಪಕ್ಕಕ್ಕೆ ವಾಲಿಸಿ ಮೂಸಿ ನೋಡಿ, "ಇದಕ್ಕ ಆಯಿಲ್ ಇಲ್ಲರಿ" ಎಂದು ಎಣ್ಣೆಯ ಡಬ್ಬಿ ತರಲು ಹೊರಟೇಬಿಟ್ಟರು. ಅವರನ್ನು ಚಹಾ ಕೊಟ್ಟು ತಡೆಯಬೇಕಾಯಿತು.

ಅಷ್ಟರಲ್ಲಿ ಕಾಕಾನ ಹೆಂಡತಿ ಕಾಕು ಒಳಗಿನಿಂದ ಮುಷ್ಟಿಯಲ್ಲಿ ಏನನ್ನೋ ಹಿಡಿದು ತಂದರು.

"ಬಾಜೂಕ ಸರಿ. ಇದಕ್ಕ ದೃಷ್ಟಿ ಆಗೇತಿ."

"ಕಾಕು, ಯಂತ್ರಕ್ಕ ಎಲ್ಲಿ ದೃಷ್ಟಿ?"

"ಬಸ್ಸಿನ್ಯಾಗ ತಂದಿ ಇಲ್ಲ? ಇಡೀ ಬಸ್ಸ ಇದನ್ನ ನೋಡಿರಬೇಕು. ಹೆಣ್ಣ ನೋಡಾಕ ಬಂದವರೂ ಹಂಗ ನೋಡಂಗಿಲ್ಲ."

ಯಂತ್ರದ ಸುತ್ತ ಉಪ್ಪು, ಮೆಣಸಿನಕಾಯಿ ನಿವಾಳಿಸಿ, ಒಯ್ದು ಒಲೆಯ ಕೆಂಡದ ಮೇಲೆ ಹಾಕಿದರು. ಉಪ್ಪು ಸಿಡಿಯಿತು: ಚಟ್, ಪಟ್, ಚಟಚಟ. ಮುದ್ರಣದಲ್ಲಿದ್ದ ಸದ್ದಿಗೂ ಇದಕ್ಕೂ ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ. ಕಾಕು ಸೊಂಟದ ಮೇಲೆ ಕೈಯಿಟ್ಟು ನನ್ನ ಕಡೆ ತಿರುಗಿದರು.

"ಕೇಳಿದಿಲ್ಲ? ಹೊರಗ ಬಂತು!"

೩. ಯಂತ್ರದ ಪ್ರಸಾದ

ಎರಡನೆಯ ಸಲ ಬೆಳುಂಕಿಗೆ ಹೋದಾಗ ಪೆಟ್ಟಿಗೆಯ ಮುಚ್ಚಳ ತೆರೆದು ಒಳಗೆ ಇಣುಕಿದೆ. ಪಟ್ಟಿ ಹಾದುಹೋಗುವ ಲೋಹದ ಮುಖದ ಮೇಲೆ ಹಳದಿ ಧೂಳು ಮೆತ್ತಿತ್ತು. ಅದರ ಮೂಲ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಮುತ್ಯಾ ಹಾಡಿನಲ್ಲಿ ದೇವರ ಹೆಸರೆತ್ತಿದೊಡನೆ, ಪಕ್ಕದಲ್ಲಿ ಕುಳಿತಿದ್ದ ಬೀರಪ್ಪನ ಪೂಜಾರಿ ಎದ್ದು ನಿಂತು "ಚಾಂಗಭಲೋ!" ಎಂದು ಕೂಗಿ, ಒಂದು ಮುಷ್ಟಿ ಭಂಡಾರವನ್ನು ಮೊದಲು ಮುತ್ಯಾನ ಮೇಲೆ, ಆಮೇಲೆ ಯಂತ್ರದ ಮೇಲೆ ಎರಚಿದ. ಅರಿಷಿಣದ ಪುಡಿ ಗಾಲಿಗಳೊಳಗೆ ಇಳಿಯಿತು. ಮದುವೆಗೆ ಕೂರಿಸಿದಂತೆ ಯಂತ್ರ ಹಳದಿಯಾಯಿತು.

"ಪೂಜಾರಿ ಕಾಕಾ, ಯಂತ್ರಕ್ಕ್ಯಾಕ್ರಿ?"

"ಅಕ್ಕಾರ, ದೇವರ ಹಾಡ ಹೊಟ್ಟ್ಯಾಗ ಇಟಗೋತೈತಿ. ಅದಕ್ಕ ಭಂಡಾರ ಬ್ಯಾಡಾ?"

 ಹತ್ತಿ, ಸ್ಪಿರಿಟು ತೆಗೆದುಕೊಂಡು ಗಾಲಿ, ತಿರುಪು, ಲೋಹದ ಮುಖ ಎಲ್ಲವನ್ನೂ ಒರೆಸಿದೆ. ಹತ್ತಿಯ ಉಂಡೆಗಳು ಹಳದಿಯಾಗುತ್ತ ಪಕ್ಕದಲ್ಲಿ ರಾಶಿ ಬಿದ್ದವು. ಊರು ನನ್ನ ಸುತ್ತ ಕುಳಿತು ಈ ಸ್ನಾನವನ್ನು ಭಕ್ತಿಯಿಂದ ನೋಡಿತು. ಕೊನೆಗೆ ಕಸವನ್ನು ಕೂಡಿಸಿ ಹೊರಗೆ ಎಸೆಯಲು ಏಳುವಷ್ಟರಲ್ಲಿ ಪೂಜಾರಿ ಎರಡೂ ಕೈ ಚಾಚಿ ಅಡ್ಡ ನಿಂತ.

"ಒಗೀಬ್ಯಾಡ್ರಿ ಅಕ್ಕಾರ! ಮಂದಿ ಆವಾಗಿಂದ ಪ್ರಸಾದಕ್ಕ ಕುಂತಾರ."

೪. ಏನೂ ಹಾಡದ ಮುದ್ರಣ

ಭಂಡಾರ ಹೋದರೂ ಚಟಪಟ ಹೋಗಲಿಲ್ಲ. ಸದ್ದು ಯಂತ್ರದ ಒಳಗಿನದೋ ಹೊರಗಿನದೋ ಎಂಬುದನ್ನು ಮೊದಲು ಇತ್ಯರ್ಥ ಮಾಡಬೇಕಾಗಿತ್ತು. ಅದಕ್ಕೆ ಒಂದೇ ದಾರಿ: ಯಾರೂ ಹಾಡದೆ, ಮಾತಾಡದೆ ಇರುವಾಗ ಯಂತ್ರವನ್ನು ಓಡಿಸಿ, ಬರಿಯ ಮೌನವನ್ನು ಮುದ್ರಿಸಿ ಕೇಳುವುದು. ಇದನ್ನು ವಿವರಿಸಿದಾಗ ಮುತ್ಯಾನ ಹೆಂಡತಿ, ಎಲ್ಲರೂ ಆಯಿ ಎನ್ನುತ್ತಿದ್ದವರು, ನನ್ನ ಮುಖವನ್ನೇ ನೋಡಿದರು.

"ಏನೂ ಹಾಡದಿದ್ರ ಅದು ಏನ ತುಂಬ್ಕೋಬೇಕವಾ?"

"ಏನೂ ಇಲ್ಲದ್ದನ್ನ ತುಂಬ್ಕೋತದ ಆಯಿ."

"ಅದನ್ನ ಕೇಳಾಕ ವಿಜಾಪುರದಿಂದ ಬಂದೀಯೇನು?"

ಆದರೂ ಒಪ್ಪಿದರು. ಮುತ್ಯಾನನ್ನು ಮೈಕಿನಿಂದ ದೂರ, ಬಾಗಿಲ ಬಳಿ ಕೂರಿಸಿದೆ. ಮಂದಿ ಗೋಡೆಗೆ ಒರಗಿ ಉಸಿರು ಬಿಗಿಹಿಡಿದು ಕುಳಿತರು. ಅಷ್ಟು ಶ್ರದ್ಧೆಯಿಂದ ಮೌನವನ್ನು ಆಚರಿಸಿದವರನ್ನು ನಾನು ಕಾಲೇಜಿನ ಶೋಕಸಭೆಯಲ್ಲೂ ಕಂಡಿಲ್ಲ. ಒಬ್ಬಾಕೆಗೆ ಕೆಮ್ಮು ಒತ್ತಿ ಬಂದಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಳೇ ಹೊರತು ಸದ್ದು ಮಾಡಲಿಲ್ಲ.

ಪಟ್ಟಿಯನ್ನು ಹಿಂದಕ್ಕೆ ಸುತ್ತಿ ಹಚ್ಚಿದೆ. ಚಟ್ ಇಲ್ಲ, ಪಟ್ ಇಲ್ಲ. ತಿಳಿನೀರಿನಂಥ ಮೌನ. ಹಾಗಾದರೆ ಯಂತ್ರದಲ್ಲಿ ದೋಷವಿಲ್ಲ! ಎದೆಯ ಮೇಲಿನ ಅರ್ಧ ಭಾರ ಇಳಿಯಿತು. ನಾನು ಯಂತ್ರವನ್ನು ನಿಲ್ಲಿಸಲು ಹೋದಾಗ ಮುಂದೆ ಕುಳಿತಿದ್ದ ಗೃಹಿಣಿಯೊಬ್ಬರು ಕೈ ಹಿಡಿದರು.

"ಅಕ್ಕಾರ, ಇನ್ನೊಮ್ಮಿ ಹಚ್ಚರಿ. ನಮ್ಮ ಮನಿಯವರು ಇಷ್ಟೊತ್ತು ಸುಮ್ಮ ಕುಂತದ್ದು ಲಗ್ನಾದ ಮ್ಯಾಲ ಇದ ಮೊದಲ."

೫. ಪುಷ್ಯಮಾಸದ ಸೆಕೆ

ಮುಂದಿನ ಪರೀಕ್ಷೆಗೆ ಆಯಿಯಿಂದ ಬೀಸುವ ಪದವೊಂದನ್ನು ಹಾಡಿಸಿದೆ. ಅದೂ ಸ್ವಚ್ಛವಾಗಿ ಬಂತು. ಮುತ್ಯಾ ಮೈಕಿನ ಮುಂದೆ ಕುಳಿತೊಡನೆ ಮತ್ತೆ ಚಟಚಟ. ಅಂದರೆ ಸದ್ದು ಬರುತ್ತಿದ್ದುದು ಮುತ್ಯಾನ ಜೊತೆಗೆ. ಪೂಜಾರಿಗೆ ಇದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

"ಅದು ದೇವರ ಕಂಬಳಿ ಅಲ್ಲೇನ್ರಿ, ಮುತ್ಯಾ ಹೊತ್ಕೊಂಡದ್ದು? ಬೀರಪ್ಪ ತನ್ನ ಕೈಯಾರೆ ಇವರ ಹಿರಿಯಾಗ ಕೊಟ್ಟದ್ದು. ಥಂಡಿ ದಿನದಾಗ, ಕತ್ತಲಿ ಖೋಲ್ಯಾಗ ಝಾಡಿಸಿದ್ರ ಕಿಡಿ ಉದರತಾವ. ದೇವರು ಎಚ್ಚರ ಅದಾನ ಅಂಬೋ ಗುರ್ತು."

ಐತಿಹ್ಯಗಳನ್ನು ನಾನು ಗೌರವದಿಂದ ಬರೆದುಕೊಳ್ಳುತ್ತೇನೆ. ನಂಬುವುದು ಬೇರೆಯ ಮಾತು. ಆದರೆ ಕಿಡಿ ಎಂಬ ಶಬ್ದ ಕಿವಿಗೆ ಬಿದ್ದೊಡನೆ, ಶಾಲೆಯಲ್ಲಿ ನಮ್ಮ ಮಾಸ್ತರರು ಗಾಜಿನ ಕೋಲನ್ನು ಬಟ್ಟೆಯಿಂದ ತಿಕ್ಕಿ ಕಾಗದದ ಚೂರುಗಳನ್ನು ಕುಣಿಸಿದ್ದು ನೆನಪಾಯಿತು. ಗಾಳಿ ಒಳಬಾರದಂತೆ ಬಾಗಿಲು ಹಾಕಿದ ಆ ಮಣ್ಣಿನ ಕೋಣೆ ಹಗಲಿನಲ್ಲೂ ಕತ್ತಲೆ. ಮುತ್ಯಾ ಹಾಡಿನ ಆವೇಶದಲ್ಲಿ ಕೈಯೆತ್ತಿದರು. ಒಣಗಿದ ಕರಿಕಂಬಳಿಯ ಅಂಚು ಮೈಕಿನ ಕಬ್ಬಿಣದ ಕಾಲಿಗೆ ತಾಗಿತು. ನೀಲಿ ಕಿಡಿಯೊಂದು ಚಟ್ ಎಂದಿತು. ನಾನು ಅಂಚನ್ನು ಕೈಯಲ್ಲಿ ಹಿಡಿದು, ಕಣ್ಣಿನ ಹತ್ತಿರ ತಂದು, ಮತ್ತೆ ತಾಗಿಸಿ ನೋಡಿದೆ. ಮತ್ತೆ ಚಟ್. ಸಂಶಯವೇ ಉಳಿಯಲಿಲ್ಲ.

ಮೈಕನ್ನು ದೂರ ಸರಿಸಿದೆ. ಮುತ್ಯಾನೂ ಸರಿದು ಅದರ ಹತ್ತಿರವೇ ಬಂದರು. ಬಂದ ಅತಿಥಿ ಹಿಂದೆ ಸರಿದರೆ ಮನೆಯವರು ಮುಂದೆ ಬರಬೇಕಂತೆ. ಇನ್ನು ಉಳಿದ ಉಪಾಯ ಕಂಬಳಿಯನ್ನು ತೆಗೆಸುವುದು. ದೇವರ ಕಂಬಳಿಯನ್ನು ತೆಗೆದಿಡಿ ಎಂದು ಹೇಗೆ ಹೇಳುವುದು? ಊರಿನ ನಂಬಿಕೆಗೆ ನೋವಾದರೆ ಹಾಡು ಅಲ್ಲಿಗೇ ಮುಗಿಯುತ್ತದೆ. ಬಹಳ ಯೋಚಿಸಿ, ಸುತ್ತುದಾರಿ ಹಿಡಿದು ಕೇಳಿದೆ.

"ಮುತ್ಯಾ, ನಿಮಗ ಸೆಕಿ ಆಗಾಕತ್ತಿಲ್ಲೇನ್ರಿ?"

ಮುತ್ಯಾ ಹಾಡು ನಿಲ್ಲಿಸಿದರು. "ಪುಷ್ಯಮಾಸದಾಗ ಸೆಕಿ? ತಂಗಿ, ಹುಷಾರ ಅದೀಯಿಲ್ಲ?"

ಆಯಿ ಓಡಿಬಂದು ನನ್ನ ಹಣೆ ಮುಟ್ಟಿ ನೋಡಿದರು. "ಚಳಿಜ್ವರ ಬರೂ ಮುಂದ ಹಿಂಗ ಸೆಕಿ ಆಗತೈತಿ" ಎಂದು ಒಳಗಿನಿಂದ ಇನ್ನೊಂದು ಕಂಬಳಿ ತಂದು ನನಗೆ ಗಟ್ಟಿಯಾಗಿ ಹೊದಿಸಿದರು. ಆ ದಿನದ ಮುದ್ರಣದಲ್ಲಿ ಚಟಪಟ ಎರಡು ಕಡೆಯಿಂದ ಬಂದಿದೆ.

೬. ತೀರ್ಥ

ಸಂಕ್ರಮಣ ಸಮೀಪಿಸಿತ್ತು. ಕಾಕುವಿನ ಮನೆಯಲ್ಲಿ ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ ಬಡಿಯುವ ಸದ್ದು ಶುರುವಾಗಿತ್ತು. ಆ ಸದ್ದು ಕೇಳಿದಾಗಲೆಲ್ಲ ಇತಿಹಾಸ ವಿಭಾಗದವರು ಯಂತ್ರವನ್ನು ಎತ್ತಿಕೊಂಡು ಹೋಗುತ್ತಿರುವಂತೆ ನನಗೆ ತೋರುತ್ತಿತ್ತು. ಕಂಬಳಿಯನ್ನು ತೆಗೆಸಲಾಗದಿದ್ದರೆ ಅದರ ಕಿಡಿಯನ್ನಾದರೂ ಆರಿಸಬೇಕು. ಒಣ ಉಣ್ಣೆಯಲ್ಲಿ ಮಾತ್ರ ಕಿಡಿ; ಒದ್ದೆಯಾದರೆ ಇಲ್ಲ. ಒದ್ದೆ ಮಾಡುವುದಕ್ಕೆ ಗೌರವಯುತವಾದ ಕಾರಣವೊಂದು ಬೇಕು. ಬೆಳುಂಕಿಗೆ ಹೋಗಿ ಪೂಜಾರಿಯನ್ನು ಪಕ್ಕಕ್ಕೆ ಕರೆದೆ.

"ಪೂಜಾರಿ ಕಾಕಾ, ದೇವರ ಹಾಡ ಹಾಡೂ ಮುಂದ ದೇವರ ಕಂಬಳಿಗೆ ತೀರ್ಥ ಹಾಕೂದಿಲ್ಲೇನ್ರಿ?"

 ಹಾಗೊಂದು ಪದ್ಧತಿ ಅಲ್ಲಿಯವರೆಗೆ ಇರಲಿಲ್ಲವೆಂಬುದು ಅವನ ಮುಖದಲ್ಲಿ ಸ್ಪಷ್ಟವಿತ್ತು. ಆದರೆ ಪಟ್ಟಣದಿಂದ ಬಂದವಳಿಗೆ ಗೊತ್ತಿರುವ ಪದ್ಧತಿ ತನಗೆ ಗೊತ್ತಿಲ್ಲವೆಂದು ಯಾವ ಪೂಜಾರಿ ಒಪ್ಪಿಯಾನು?

"ಹಾಕತೀವ್ರಿ! ಹಾಕದ ಹೆಂಗ?"

ಮರುದಿನ ತೀರ್ಥದ ತಂಬಿಗೆ ಬಂತು. ಪೂಜಾರಿ ಬೆರಳ ತುದಿಯಿಂದ ಕೆಲವು ಹನಿ ಸಿಂಪಡಿಸಿದ. ಅಂಚನ್ನು ಕಬ್ಬಿಣಕ್ಕೆ ತಾಗಿಸಿ ನೋಡಿದೆ: ಚಟ್.

"ಇನ್ನೊಂದೀಟು ಹಾಕ್ರಿ."

ಬೊಗಸೆಯಲ್ಲಿ ಹಾಕಿದ. ಚಟ್.

"ಎಡಗಡಿ ಅಂಚಿಗೆ ಬಿದ್ದಿಲ್ಲ ನೋಡ್ರಿ. ಬೆನ್ನಿಗೂ ಹಾಕ್ರಿ."

ಮುತ್ಯಾ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಅಲುಗಾಡದೆ ಕುಳಿತಿದ್ದರು. ಎರಡನೆಯ ತಂಬಿಗೆ ಮುಗಿಯುವ ಹೊತ್ತಿಗೆ ಕಂಬಳಿಯಿಂದ ನೀರು ತೊಟ್ಟಿಕ್ಕುತ್ತಿತ್ತು; ಕಿಡಿ ಆರಿತ್ತು. ಪೂಜಾರಿ ಬರಿದಾದ ತಂಬಿಗೆಯನ್ನು ಎದೆಗೊತ್ತಿಕೊಂಡು, ನನಗೆ ಕೈಮುಗಿದು ಮಂದಿಯ ಕಡೆ ತಿರುಗಿದ.

"ನೋಡಿ ಕಲೀರ್ಯೋ. ಹುಟ್ಟಿದಾಗಿಂದ ದೇವರ ಸೇವಾ ಮಾಡಾಕತ್ತೀನಿ, ಈ ಅಕ್ಕಾರ ಭಕ್ತಿ ಮುಂದ ನಂದು ಏನೂ ಅಲ್ಲ."

೭. ಸ್ವಚ್ಛವಾಗಿ ಕೇಳಿಸಿದ್ದು

ಅಂದು ಮುತ್ಯಾ ಹಾಡಿದರು. ದೇವರು ಹುಟ್ಟಿದ, ತೊಟ್ಟಿಲಿನಿಂದ ಇಳಿದ, ಕುರಿ ಕಾಯ್ದ, ಹೆಣ್ಣು ಗೆದ್ದ, ಮದುವೆಯಾದ. ನಾನು ಕಿವಿಗೆ ಹಾಕಿಕೊಂಡ ಯಂತ್ರದ ಕಿವಿಗೊಳವೆಯಲ್ಲಿ ಒಂದೇ ಒಂದು ಚಟ್ ಇಲ್ಲ. ಅಕ್ಷತೆ ಬಿದ್ದ ಸಾಲಿಗೆ ಬಂದಾಗ, ನಂಟರ ಮನೆಯ ಕಷ್ಟದ ಮದುವೆಯೊಂದು ಸುಸೂತ್ರವಾಗಿ ಮುಗಿದಷ್ಟು ಹಗುರವಾಯಿತು ನನಗೆ.

ಪ್ರತಿ ಮುದ್ರಣದ ಕೊನೆಗೆ ಸ್ವಲ್ಪ ಹೊತ್ತು ಬರಿಯ ಮೌನವನ್ನೂ ತುಂಬಿಸಿಕೊಳ್ಳುವುದನ್ನು ನಾನು ರೂಢಿ ಮಾಡಿಕೊಂಡಿದ್ದೆ. ಏನಾದರೂ ಸದ್ದು ನುಸುಳಿದರೆ ಹೋಲಿಸಿ ನೋಡಲು ಅದು ಉಪಯೋಗಕ್ಕೆ ಬರುತ್ತದೆ. ಹಾಗೆಂದು ಗಾಲಿಗಳನ್ನು ತಿರುಗಲು ಬಿಟ್ಟಾಗಲೇ ಪೂಜಾರಿ ನನ್ನನ್ನೂ ಮಂದಿಯನ್ನೂ ಗುಡಿಗೆ ಕರೆದುಕೊಂಡು ಹೋದ. ಮರಳಿ ಬಂದು ಯಂತ್ರವನ್ನು ನಿಲ್ಲಿಸಿ, ಪೆಟ್ಟಿಗೆ ಮುಚ್ಚಿ, ಎಲ್ಲರಿಗೂ ನಮಸ್ಕರಿಸಿ ಹೊರಟೆ. ಮುತ್ಯಾ ಆಗಲೇ ಒಲೆಯ ಮುಂದೆ ಕುಳಿತಿದ್ದರು.

ವಿಜಾಪುರದಲ್ಲಿ ಸರ್ ಮೊದಲಿನಂತೆಯೇ ಕಣ್ಣು ಮುಚ್ಚಿ ಕೇಳಿದರು. ಈ ಸಲ ಕಣ್ಣು ತೆರೆಯಲೇ ಇಲ್ಲ. ಹಾಡು ಮುಗಿದ ಮೇಲೆ ನಾನು ಉಣ್ಣೆಯ ಗುಣವನ್ನೂ ಒಣಹವೆಯ ಪರಿಣಾಮವನ್ನೂ, ಊರಿನ ಮೂಢನಂಬಿಕೆಗೆ ಎಳ್ಳಷ್ಟೂ ಧಕ್ಕೆ ತಾರದೆ ವಿಜ್ಞಾನವನ್ನು ಅನ್ವಯಿಸಿದ ನನ್ನ ಕ್ರಮವನ್ನೂ ವಿವರಿಸತೊಡಗಿದೆ. ಯಂತ್ರದ ಗಾಲಿಗಳು ತಿರುಗುತ್ತಲೇ ಇದ್ದವು. ನನ್ನ ವಿವರಣೆ ತೀರ್ಥಕ್ಕೆ ಬರುವಷ್ಟರಲ್ಲಿ ಯಂತ್ರದೊಳಗಿನಿಂದ ಭಾರಿ ಸೀನೊಂದು ಕೇಳಿಸಿತು. ಆಮೇಲೆ ಆಯಿಯ ದನಿ.

"ಅಯ್ಯ ಶಿವನ, ಎಷ್ಟ ತೊಯ್ದೈತಿ! ತಗೀರಿ ಆ ಕಂಬಳಿ."

ಮುತ್ಯಾನ ದನಿ: "ಆಕಿ ಹೋದಳೇನ ನೋಡ ಮೊದಲ."

"ಹೋದಳು, ಗುಡಿಗಿ."

"ಹಂಗಾರ ಲಗೂನ ತಗಿ. ಬೀಸುಕಲ್ಲ ಹೊತ್ತಂಗ ಆಗೇತಿ."

"ನಿಮಗೇನ ಹುಚ್ಚೇನು? ಕಂಬಳಿ ಇಲ್ಲದ ಹಾಡಾಕ ಬರೂದಿಲ್ಲ? ಇಷ್ಟ ವರ್ಷ ಹಂಗ ಹಾಡೀರಿಲ್ಲ?"

"ನನಗೇನ ಬೇಕಾಗಿತ್ತ ಇದು? ಮೊದಲನೇ ದಿವಸ ಥಂಡಿ ಇತ್ತಂತ ಹೊತ್ಕೊಂಡ ಕುಂತೆ. ಆಕಿಗೆ ಇದರ ಮ್ಯಾಲ ಭಾಳ ಭಕ್ತಿ ಐತಿ. ಅಂಚ ಹಿಡದ ಕಣ್ಣಿಗಿ ಹಚ್ಚಿಕೋತಾಳ, ನೀ ನೋಡಿಲ್ಲ? ಇವತ್ತ ನೋಡಿದೆಲಾ, ಎಡಗಡಿ ಅಂಚಿಗೂ ತೀರ್ಥ ಬೇಕಂತ."

"ಮತ್ತ ಖರೇದ್ದ ಹೇಳಬಾರದೇನು? ದೇವರ ಕಂಬಳಿ ಹುಳ ತಿಂದ ಯಾ ಕಾಲ ಆತು. ಇದು ಉಮದಿ ಸಂತ್ಯಾಗ ತಂದದ್ದಂತ ಹೇಳ್ರಿ."

"ಸುಮ್ಮಿರ. ಪೂಜಾರಿಗೂ ಗೊತ್ತಿಲ್ಲ ಅದು. ಸಾಲಿ ಕಲತ ಹುಡಿಗಿ, ಪಾಪ, ದೇವರ ಮ್ಯಾಲ ಅಷ್ಟರ ನಂಬಿಗಿ ಉಳಸ್ಕೊಂಡಾಳ. ನಾವ್ಯಾಕ ಕೆಡಸೂದು?"

ಮತ್ತೊಂದು ಸೀನು. ಪಟ್ಟಿ ಮುಗಿದು ಅದರ ತುದಿ ಗಾಲಿಯ ಮೇಲೆ ಪಟಪಟ ಬಡಿಯತೊಡಗಿತು. ನಾನು ನಿಲ್ಲಿಸಲು ಏಳಲಿಲ್ಲ. ಎದ್ದರೆ ಸರ್ ಕಡೆ ನೋಡಬೇಕಾಗುತ್ತಿತ್ತು. ಕೊನೆಗೆ ಸರ್ ತಾವೇ ಎದ್ದು ಗುಂಡಿ ಒತ್ತಿದರು. ಕರವಸ್ತ್ರದಿಂದ ಎರಡೂ ಕಣ್ಣುಗಳನ್ನು ಒರೆಸಿಕೊಂಡು, ಸಾಧ್ಯವಾದಷ್ಟು ಗಂಭೀರವಾಗಿ ಹೇಳಿದರು:

"ಭಾಳ ಚಲೋ ಬಂದದ. ಒಂದ ಅಕ್ಷರನೂ ಮಸುಕಿಲ್ಲ. ಯಂತ್ರ ಇನ್ನ ಮುಂದ ನಿನ್ನ ಹತ್ರನ ಇರಲಿ. ಆದ್ರ ನಿನ್ನ ಭಕ್ತಿ ಒಂಚೂರು ಕಡಿಮಿ ಮಾಡಕೋ ಮಾರಾಯ್ತಿ, ಮುದುಕಗ ನೆಗಡಿ ಆಗೇದ."